ಬೈಗುಳದ ನೆಂಟಸ್ತಿಕೆ

ಮಟುಂದಾ
18 ಫೆಬ್ರವರಿ 2007

ತಲೆಯ ಮೇಲೆ ಕೂದಲಿಗಿಂತ ಹೊರೆಯನ್ನೇ ಹೆಚ್ಚು ಬೆಳೆಸಿದ ಮಿಹಾಯೋಗೆ,

ನೀನು ಇನ್ನೂ ಬದುಕಿದ್ದೀಯೆಂದು ಹೋದ ವಾರ ಕಣ್ಣಾರೆ ಕಂಡೆ. ಸರ್ಕಾರಿ ಜೀಪಿನಿಂದ ಮೊದಲು ನಿನ್ನ ಹೊಟ್ಟೆ ಇಳಿಯಿತು, ಆಮೇಲೆ ನೀನು. ನಿಮ್ಮ ತಬೋರಾದ ಜನ ಹಿಂದೆ ನಮ್ಮ ಕರಾವಳಿಗೆ ಆನೆದಂತ ಹೊತ್ತು ತರುತ್ತಿದ್ದರು. ನೀನು ಬರೀ ಹೊಟ್ಟೆ ಹೊತ್ತು ತಂದೆ.

ಮರುದಿನ ತರಗತಿಯಲ್ಲಿ ಒಂದು ಹುಡುಗಿ ಎದ್ದು ನಿಂತು ಕೇಳಿದಳು. "ಟೀಚರಮ್ಮಾ, ಕೊಂಡೊ ಅಜ್ಜ ಅಷ್ಟು ದೊಡ್ಡ ಸಾಹೇಬ್ರನ್ನ ಹಂಗೆಲ್ಲ ಬೈದ್ರಲ್ಲ, ಜೈಲಿಗೆ ಹಾಕಲ್ವಾ?" ಪಾಠ ನಿಲ್ಲಿಸಿ ಹೇಳಬೇಕಾಯಿತು. ನಾವು ಜರಾಮೊಗಳು, ಅವರು ನ್ಯಾಮ್ವೇಜಿಗಳು, ಹೊರೆಯಾಳುಗಳ ಕಾಲದಿಂದಲೂ ನಮ್ಮಿಬ್ಬರಿಗೆ ಉತಾನಿ, ಅಂದರೆ ಬೈಗುಳದ ನೆಂಟಸ್ತಿಕೆ. ಅವರು ನಮ್ಮನ್ನು ಬೈಯಬೇಕು, ನಾವು ಅವರನ್ನು. ಸಿಟ್ಟಾಗುವ ಹಾಗಿಲ್ಲ. ಅವರು ಏನು ಕೇಳಿದರೂ ಇಲ್ಲ ಅನ್ನುವ ಹಾಗಿಲ್ಲ. 'ತಗೋ' ಅಂದುಬಿಡಬೇಕು, ಅವರೂ ನಕ್ಕು ಒಂದು ಕೋಳಿಯನ್ನೋ ತೆಂಗಿನಕಾಯಿಯನ್ನೋ ಎತ್ತಿಕೊಂಡು ಹೋಗಬೇಕು. ಬೈಯದೆ 'ದಯವಿಟ್ಟು' ಅಂದರೆ ಮಾತ್ರ ಏನೋ ಕೆಟ್ಟಿದೆಯೆಂದು ತಿಳಿಯಬೇಕು. ಮಕ್ಕಳಿಗೆ ಇದು ಬಹಳ ಹಿಡಿಸಿತು. ಈಗ ನನ್ನ ಮುಂದೆಯೇ ಅಭ್ಯಾಸ ಮಾಡುತ್ತಿವೆ.

ಅಂದು ಗ್ರಾಮಸಭೆಯಲ್ಲಿ ನೀನು ಎದ್ದು, "ಏಯ್ ಕರಾವಳಿ ಸೋಮಾರಿಗಳಾ, ಹೆಂಗೂ ಮಲಗೋಕೆ ನೆರಳು ಸಾಕು ನಿಮಗೆ, ಆ ಪೊದೆಕಾಡನ್ನ ನಂಗೆ ಕೊಡಿ" ಅಂದಾಗ, ಚಿಕ್ಕಪ್ಪ ಕೊಂಡೊ ಇಪ್ಪತ್ತು ವರ್ಷ ಚಿಕ್ಕವನಾಗಿಬಿಟ್ಟ. "ತಗೊಂಡ್ ಹೋಗೋ ಹೊರೆಯಾಳೇ. ಇಡೀ ಕಾಡನ್ನೇ ತಲೆ ಮೇಲಿಟ್ಕೊಂಡು ತಬೋರಾಕ್ಕೆ ಹೋಗು. ಕಿಸಿಮಾ ಮಡೂನೂ ಬಿಡ್ಬೇಡ, ಗಡಿಗೇಲಿ ತುಂಬ್ಕೋ, ದಾರೀಲಿ ಬಾಯಾರುತ್ತೆ." ಸಭೆಯೆಲ್ಲ ಚಪ್ಪಾಳೆ ತಟ್ಟಿತು. ನೀನು ಅವನ ಹುಂಜ ಹಿಡಿದುಕೊಂಡು ಜೀಪು ಹತ್ತಿದೆ. ನೀನು ಇಲ್ಲಿ ಕೃಷಿ ಅಧಿಕಾರಿಯಾಗಿ ಅವನ ಅಂಗಳದ ಕೋಣೆಯಲ್ಲಿದ್ದ ಕಾಲ ನೆನಪಾಯಿತು.

ಒಂದು ಮಾತು ಮಾತ್ರ. ನೀನು ಹೋದ ಮೇಲೆ ಅಳತೆಯವರು ಬಂದು ಗೂಟ ಹೊಡೆದಿದ್ದಾರೆ. ಗೂಟಗಳು ಕಿಸಿಮಾವನ್ನು ದಾಟಿ ಈಚೆಗೆ ಬಂದಿವೆ. ಬೇಸಿಗೆಯಲ್ಲಿ ನಮಗೆ ಇರುವುದು ಅದೊಂದೇ ನೀರು, ನಿನಗೆ ಗೊತ್ತು. ಯಾರೋ ನಕ್ಷೆಯನ್ನು ತಲೆಕೆಳಗಾಗಿ ಹಿಡಿದಿರಬೇಕು. ಹೇಳಿ ಸರಿ ಮಾಡಿಸು.

ಕಿದಾವಾ

*

ದಾರ್ ಎಸ್ ಸಲಾಮ್
9 ಮಾರ್ಚ್ 2007

ತೆಂಗಿನಕಾಯಿ ನೆತ್ತಿಗೆ ಬಿದ್ದರೂ ಎಚ್ಚರವಾಗದ ಕಿದಾವಾಗೆ,

ನಿನ್ನ ಪತ್ರವನ್ನು ಕಚೇರಿಯಲ್ಲೇ ಓದಿ ನಕ್ಕೆ. ಪಕ್ಕದ ಮೇಜಿನವನು ತಲೆಯೆತ್ತಿ ನೋಡಿದ. ಇಲ್ಲಿ ಎಲ್ಲರೂ ನನ್ನನ್ನು 'ಸರ್' ಅನ್ನುತ್ತಾರೆ. ಕೆಲವು ಸಂಜೆ, ಇಡೀ ದಿನ ಯಾರೂ ನನ್ನನ್ನು ಮುಟ್ಟಲೇ ಇಲ್ಲವೇನೋ ಅನ್ನಿಸುತ್ತದೆ. ನಿಮ್ಮ ಬೈಗುಳದಿಂದ ನಾನೆಂಬವನು ಎಲ್ಲೋ ಇದ್ದೇನೆಂದು ಖಾತ್ರಿಯಾಯಿತು.

ಹುಂಜ ಮುದಿಯಾಗಿತ್ತು. ಮೂರು ಸಲ ಬೇಯಿಸಿದರೂ ನಿನ್ನ ಚಿಕ್ಕಪ್ಪನಷ್ಟೇ ಗಟ್ಟಿ.

ಈ ಕೆಲಸ ನನಗೆ ಯಾಕೆ ಮುಖ್ಯ ಎಂದು ಸಭೆಯಲ್ಲಿ ಹೇಳಲಾಗಲಿಲ್ಲ. ಡೀಸೆಲ್ ಹಡಗು ತಡವಾದರೆ ಇಲ್ಲಿ ಆಸ್ಪತ್ರೆಯ ಜನರೇಟರು ನಿಲ್ಲುತ್ತದೆ. ನಾವು ಕಾಫಿ ಮಾರಿ, ಗೋಡಂಬಿ ಮಾರಿ, ಎಲ್ಲವನ್ನೂ ಆ ಹಡಗಿಗೆ ಸುರಿಯುತ್ತೇವೆ. ಸರ್ಕಾರ ಈಗ ಜೈವಿಕ ಇಂಧನಕ್ಕೆ ಒಂದು ನೀತಿ ಮಾಡಬೇಕೆಂದು ಕಾರ್ಯಪಡೆ ರಚಿಸಿದೆ. ನಾನು ಅದರಲ್ಲಿ ಇದ್ದೇನೆ. ನೀವು ಗೋರಿಗಳ ಸುತ್ತ ನೆಡುತ್ತೀರಲ್ಲ, ಗೋರಿಹರಳು, ಅದರ ಬೀಜದಲ್ಲಿ ಎಣ್ಣೆ ಇದೆ. ದನ ಮುಟ್ಟುವುದಿಲ್ಲ, ಬಂಜರಿನಲ್ಲೂ ಬರುತ್ತದೆ, ಉಣ್ಣುವ ಬೆಳೆಯ ನೆಲ ಕಿತ್ತುಕೊಳ್ಳುವುದಿಲ್ಲ. ಸತ್ತವರನ್ನು ಕಾಯುತ್ತಿದ್ದ ಗಿಡ ಬದುಕಿದವರ ಬಸ್ಸು ಓಡಿಸುತ್ತದೆ. ಈ ವಾಕ್ಯವನ್ನು ನಾನು ವರದಿಯಲ್ಲಿ ಹಾಕಿದ್ದೆ, ತೆಗೆದುಹಾಕಿದರು.

ಗೂಟಗಳು ತಾತ್ಕಾಲಿಕ. ಯೋಚಿಸಬೇಡ, ಯೋಚನೆ ನಿಮ್ಮ ಕಡೆಯವರಿಗೆ ಒಗ್ಗುವುದಿಲ್ಲ.

ಮಿಹಾಯೋ

*

ಮಟುಂದಾ
2 ಜುಲೈ 2007

ಮಿಹಾಯೋ,

ಇವತ್ತು ಹೊಸ ಬೈಗುಳ ಹುಡುಕುವ ತಾಳ್ಮೆ ಇಲ್ಲ. ಹಳೆಯದರಲ್ಲಿ ಯಾವುದಾದರೂ ಒಂದನ್ನು ಅಂಟಿಸಿಕೋ.

ಗೂಟಗಳ ಜಾಗದಲ್ಲಿ ಈಗ ಕಂಬಗಳಿವೆ, ಕಂಬಗಳಿಗೆ ತಂತಿ ಬರುತ್ತದಂತೆ. ನಾವು ಕೆಲವರು ಜಿಲ್ಲಾ ಕಚೇರಿಗೆ ಹೋದೆವು. ಅಲ್ಲಿಯವನು ನಮ್ಮ ಸಭೆಯ ನಡಾವಳಿಯನ್ನು ಗಟ್ಟಿಯಾಗಿ ಓದಿ ಹೇಳಿದ. 'ಕಿಸಿಮಾ ಮಡುವನ್ನೂ ಒಳಗೊಂಡಂತೆ ಪೊದೆಭೂಮಿಯನ್ನು ಗ್ರಾಮಸಭೆಯು ಹರ್ಷೋದ್ಗಾರದೊಂದಿಗೆ ಒಪ್ಪಿಸಿತು. ಹಿರಿಯರಾದ ಕೊಂಡೊ ಅವರು ಅನುಮೋದಿಸಿದರು.' ನಮ್ಮ ಊರಿನ ಅಧ್ಯಕ್ಷನ ಸಹಿ, ಸಾಕ್ಷಿಯಾಗಿ ನಿನ್ನ ಸಹಿ.

ಚಿಕ್ಕಪ್ಪನಿಗೆ ಮೊದಲು ಅರ್ಥವಾಗಲಿಲ್ಲ. "ನಾನ್ ಅಂದಿದ್ದು ಹೊರೆಯಾಳಿಗೆ, ಸರ್ಕಾರಕ್ಕಲ್ಲ" ಅಂದ. ಜಿಲ್ಲೆಯವನು, "ಅಜ್ಜಾ, ಹೊರೆಯಾಳೇ ಸರ್ಕಾರ" ಅಂದ. ಚಿಕ್ಕಪ್ಪ ನಕ್ಕ. ಹೊರಗೆ ಬಂದ ಮೇಲೆ ಬೇಲಿಯ ಬಳಿ ಕೂತುಬಿಟ್ಟ.

ಬರೆದ ಗುಮಾಸ್ತ ಚಾಗ್ಗಾ ಕಡೆಯವನು, ಅವನಿಗೂ ನಮಗೂ ಈ ಸಲಿಗೆ ಇಲ್ಲ, ಅವನಿಗೆ ತಮಾಷೆ ತಿಳಿಯದಿರಬಹುದು. ನೀನು ಅವನ ಪಕ್ಕದಲ್ಲೇ ಕೂತಿದ್ದೆ. ನಿನಗೆ ತಿಳಿದಿತ್ತು.

ಸಹಿ ಹಾಕುವ ಮುಂಚೆ ಓದಿದೆಯಾ? ಇದಕ್ಕೆ ಉತ್ತರ ಬೇಕು.

ಕಿದಾವಾ

*

ದಾರ್ ಎಸ್ ಸಲಾಮ್
20 ಜುಲೈ 2007

ಮೂಗಿನ ತುದಿಯಲ್ಲಿ ಸಿಟ್ಟನ್ನು ಒಣಹಾಕಿರುವ ಕಿದಾವಾಗೆ,

ನಡಾವಳಿಗಳು ಹೀಗೇ ಇರುತ್ತವೆ. ಗುಮಾಸ್ತನಿಗೆ ಕೊಟ್ಟಿರುವುದು ಇಪ್ಪತ್ತು ಮೂವತ್ತು ಪದ, ಅದರಲ್ಲೇ ಅವನು ಜಗತ್ತನ್ನು ತುರುಕಬೇಕು. ಚಪ್ಪಾಳೆ ಕೇಳಿದರೆ 'ಹರ್ಷೋದ್ಗಾರ'. ನಗುವಿಗೆ ಅವನ ಬಳಿ ಪದವಿಲ್ಲ.

ಇದು ಅಂತಿಮವಲ್ಲ. ಸುಸ್ಥಿರ ಜೈವಿಕ ಇಂಧನದ ಮಾರ್ಗಸೂಚಿಯನ್ನು ನಾವು ಬರೆಯುತ್ತಿದ್ದೇವೆ. ಅದರಲ್ಲಿ ಜನ ಬಳಸುವ ನೀರಿನ ಮೂಲಗಳನ್ನು ಗುತ್ತಿಗೆಯಿಂದ ಹೊರಗಿಡಬೇಕೆಂಬ ಅಂಶ ಇದೆ. ನಾನೇ ಬರೆದದ್ದು. ಅದು ಜಾರಿಗೆ ಬಂದ ದಿನ ಕಿಸಿಮಾ ತಾನಾಗಿಯೇ ಹೊರಗೆ ಬರುತ್ತದೆ. ಗೋರಿಹರಳು ಬೆಳೆಯಲು ನೆಲ ಗುತ್ತಿಗೆ ಹಿಡಿದ ಕಂಪನಿಯವರು ಒಳ್ಳೆಯವರು. ರಸ್ತೆ ಮಾಡುತ್ತಾರೆ, ಶಾಲೆಗೆ ಬೆಂಚು ಕೊಡುತ್ತಾರೆ. ನಿನ್ನ ಮಕ್ಕಳು ನೆಲದ ಮೇಲೆ ಕೂತು ನಮ್ಮನ್ನು ಬೈಯುವುದು ತಪ್ಪುತ್ತದೆ.

ಕೊಂಡೊಗೆ ಹೇಳು, ಮುಂದಿನ ಸಲ ಬಂದಾಗ ಅವನ ಹೆಂಡತಿಯನ್ನೇ ಹೊತ್ತುಕೊಂಡು ಹೋಗುತ್ತೇನೆ ಎಂದು.

ಮಿಹಾಯೋ

*

ಮಟುಂದಾ
14 ಅಕ್ಟೋಬರ್ 2007

ಮಿಹಾಯೋ,

ನಿನ್ನ ಪತ್ರವನ್ನು ಎರಡು ಸಲ ಓದಿದೆ. ಗುಮಾಸ್ತನ ಪದಗಳ ಬಗ್ಗೆ ಇದೆ, ಬೆಂಚಿನ ಬಗ್ಗೆ ಇದೆ. ಸಹಿಯ ಬಗ್ಗೆ ಇಲ್ಲ.

ತಂತಿ ಬಂತು. ಮಡುವಿಗೆ ಹೋಗುವ ದಾರಿಯಲ್ಲಿ ಗೇಟು, ಗೇಟಿಗೆ ಕಾವಲುಗಾರ. ಬುಲ್ಡೋಜರು ಎರಡು ವಾರ ಓಡಿತು. ಹುಣಸೆ, ಕರಿಮರ, ನಾವು ಜೇನು ಕೀಳುತ್ತಿದ್ದ ಬಾವೊಬಾಬ್, ಯಾವುದನ್ನೂ ಬಿಡಲಿಲ್ಲ. 'ಬಳಕೆಯಿಲ್ಲದ ಭೂಮಿ' ಅಂತ ಫಲಕ ಹಾಕಿದ್ದರು. ಬುಲ್ಡೋಜರು ಓಡಿದ ಮೇಲೆ ಆ ಫಲಕದ ಮಾತು ನಿಜವಾಯಿತು. ಈಗ ಅಲ್ಲಿ ಸಾಲು ಸಾಲಾಗಿ ಗೋರಿಹರಳು. ನಮ್ಮ ಹೆಂಗಸರು ಮೊದಲ ದಿನ ನಕ್ಕರು. "ಗೋರೀನೇ ಇಲ್ದೆ ಗೋರಿಗಿಡ ನೆಡ್ತಿದ್ದಾರಲ್ಲೇ, ಯಾರನ್ನ ಹೂಳೋಕೆ?" ಆಮೇಲೆ ಅವರೇ ಕೂಲಿಗೆ ಹೋಗಿ ನೆಟ್ಟರು.

ಬಂಜರಿನಲ್ಲೂ ಬರುತ್ತದೆ ಅಂದಿದ್ದೆಯಲ್ಲ. ಕಿಸಿಮಾಕ್ಕೆ ಪಂಪು ಇಟ್ಟಿದ್ದಾರೆ, ಸಸಿಗಳಿಗೆ ನೀರು ಬಿಡಲು. ಔಷಧದ ಡ್ರಮ್ಮುಗಳನ್ನು ದಡದಲ್ಲೇ ತೊಳೆಯುತ್ತಾರೆ. ನಮ್ಮ ಹೆಂಗಸರು ಪಕ್ಕದ ಊರಿನ ಹಳ್ಳಕ್ಕೆ ನಡೆಯುತ್ತಾರೆ. ಅಲ್ಲಿಯವರು ಮೊದಲು ತಮ್ಮ ಗಡಿಗೆ ತುಂಬಿಸಿಕೊಂಡು ಆಮೇಲೆ ಕೆಸರನ್ನು ನಮಗೆ ಬಿಡುತ್ತಾರೆ. ನನ್ನ ತರಗತಿಯ ಹುಡುಗಿಯರ ಸಾಲು ಮಧ್ಯಾಹ್ನದವರೆಗೂ ಖಾಲಿ. ನೀರು ಹೊತ್ತು ಬರುವಷ್ಟರಲ್ಲಿ ಪಾಠ ಮುಗಿದಿರುತ್ತದೆ.

ಚಿಕ್ಕಪ್ಪನ ವಿಷಯ. ಮಾವಿನ ಮರದಡಿ ಕಾಫಿ ಮಾರುವಲ್ಲಿ ಗಂಡಸರು ಗುಳಿಮಣೆಯ ಮುಂದೆ ಕೂತು ಬಾವೊ ಆಡುತ್ತಾರಲ್ಲ, ಅಲ್ಲಿ ಅವನ ಎದುರು ಯಾರೂ ಕೂರುವುದಿಲ್ಲ. ಒಬ್ಬ ಹೇಳಿಯೇಬಿಟ್ಟ, "ಕೂತ್ರೆ ಆಟದ ಮಣೇನೂ ದಾನ ಮಾಡ್ಬಿಡ್ತೀಯ." ಅವನು ಬಾಯಿ ಮುಚ್ಚಿಕೊಂಡಿದ್ದಾನೆ. ಅವನಿಗೆ ಬೈಯಲು ಬಾಯಿ ಬರುತ್ತಿಲ್ಲ ಎಂದರೆ ನಿನಗೆ ತಿಳಿಯುತ್ತದೆ.

ನನಗೆ ಬೇಕಾಗಿರುವುದು ಒಂದೇ ವಾಕ್ಯ. 'ಅಂದು ಕೊಂಡೊ ಆಡಿದ ಮಾತು ಉತಾನಿಯದು, ಒಪ್ಪಿಗೆಯಲ್ಲ.' ಕೆಳಗೆ ನಿನ್ನ ಹೆಸರು. ಜಿಲ್ಲೆಯವನು ಹೇಳಿದ, ಸಾಕ್ಷಿಯೇ ಹಾಗೆ ಬರೆದುಕೊಟ್ಟರೆ ಗುತ್ತಿಗೆಯನ್ನು ಮತ್ತೆ ಸಭೆಗೆ ತರಬೇಕಾಗುತ್ತದಂತೆ.

ಫೋನು ಮಾಡಬೇಡ. ಗೋಡಂಬಿ ಮರ ಹತ್ತಿದರೆ ಮಾತ್ರ ಸಿಗ್ನಲ್, ಅಲ್ಲದೆ ಫೋನಿನ ಮಾತಿಗೆ ಸಹಿ ಇರುವುದಿಲ್ಲ.

ಕಿದಾವಾ

*

ದಾರ್ ಎಸ್ ಸಲಾಮ್
3 ಮಾರ್ಚ್ 2008

ಕಿದಾವಾ,

ತಡವಾಯಿತು. ಯೂರೋಪಿನಲ್ಲಿ ಒಂದು ಸಮ್ಮೇಳನ ಇತ್ತು, ಅಲ್ಲಿಂದ ಇನ್ನೊಂದು.

ಒಂದು ಸಂಗತಿ ಹೇಳಬೇಕು. ಅಲ್ಲಿ ಗೋಡೆಯ ಮೇಲೆ ನಮ್ಮ ದೇಶದ ನಕ್ಷೆ ತೋರಿಸಿದರು. ಬಳಕೆಯಿಲ್ಲದ ಭೂಮಿಗೆ ತಿಳಿಹಸಿರು ಬಣ್ಣ. ಮಟುಂದಾ ಆ ಹಸಿರಿನೊಳಗೆ ಇತ್ತು. ನೀನು, ಕೊಂಡೊ, ಮಾವಿನ ಮರ, ನಾನಿದ್ದ ಕೋಣೆ ಎಲ್ಲ. ನಾನು ಆ ಬಣ್ಣವನ್ನು ಬಹಳ ಹೊತ್ತು ನೋಡಿದೆ. ಬಣ್ಣ ಚೆನ್ನಾಗಿತ್ತು. ಅದನ್ನು ನೋಡುತ್ತ ನನಗೆ ಏನೂ ಅನ್ನಿಸಲಿಲ್ಲ, ಮತ್ತು ಏನೂ ಅನ್ನಿಸಲಿಲ್ಲವಲ್ಲ ಎಂಬುದು ಮಾತ್ರ ಕೋಣೆಗೆ ಬಂದ ಮೇಲೂ ನನ್ನ ಜೊತೆ ಇತ್ತು.

ನೀನು ಕೇಳಿದ ವಾಕ್ಯ ನೀನು ತಿಳಿದಷ್ಟು ಚಿಕ್ಕದಲ್ಲ. ಅದನ್ನು ನಾನು ಬರೆದರೆ ಕರಾವಳಿಯ ಪ್ರತಿ ಊರಿನ ಸಭೆಯನ್ನೂ ಮತ್ತೆ ತೆರೆಯುತ್ತಾರೆ. ಮಾರ್ಗಸೂಚಿ ನಿಂತುಹೋಗುತ್ತದೆ. ಮಾರ್ಗಸೂಚಿ ನಿಂತರೆ ಕಿಸಿಮಾವನ್ನು ಉಳಿಸುವ ಅಂಶವೂ ನಿಲ್ಲುತ್ತದೆ. ಒಂದು ಮಡುವಿಗಾಗಿ ಎಲ್ಲ ಮಡುಗಳನ್ನೂ ಕಳೆದುಕೊಂಡಂತೆ.

ಆದರೂ ಸುಮ್ಮನಿಲ್ಲ. ಕಂಪನಿಯವರೊಂದಿಗೆ ಮಾತಾಡಿದ್ದೇನೆ. ಶಾಲೆಯ ಬಳಿ ಕೊಳವೆಬಾವಿ ಕೊರೆಸುತ್ತಾರೆ. ನಿನ್ನ ಮಗಳು ಜುಬೇದಾ ಓದು ಮುಗಿಸಿದ್ದಾಳಲ್ಲ, ಅವಳಿಗೆ ಅವರ ಕಚೇರಿಯಲ್ಲಿ ಕೆಲಸ ಇದೆ. ನಿನ್ನ ಮನಸ್ಸಿನಲ್ಲಿ ಇದೂ ಇದ್ದಿರಬಹುದು, ಹೇಳಲು ಸಂಕೋಚಪಟ್ಟಿರುತ್ತೀಯ.

ಮಿಹಾಯೋ

*

ಮಟುಂದಾ
22 ಮಾರ್ಚ್ 2008

ಮಿಹಾಯೋ,

ಕೊಳವೆಬಾವಿ ಕೊರೆದರು. ಉಪ್ಪುನೀರು. ಕಂಪನಿಯವರು ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡು ಹೋದರು. ಮೇಕೆಗಳೂ ಮೂಸಿ ತಿರುಗುತ್ತವೆ.

ನನ್ನ ಮನಸ್ಸಿನಲ್ಲಿ ಜುಬೇದಾಳ ಕೆಲಸ ಇರಲಿಲ್ಲ. ನನ್ನ ಮನಸ್ಸಿನಲ್ಲಿ ಇದ್ದದ್ದನ್ನು ನಾನು ಬರೆದಿದ್ದೆ. ನೀನು ಓದಿದ್ದು ಬೇರೆ. ಅವಳಿಗೆ ನಿನ್ನ ಪತ್ರ ತೋರಿಸಿದೆ. "ಅಮ್ಮಾ, ಇವ್ರು ನಮ್ಮ ನೆಂಟ್ರಾ?" ಅಂದಳು.

ನನಗೆ ವಾಕ್ಯ ಬೇಕು.

ಕಿದಾವಾ

*

ಮಟುಂದಾ
30 ಸೆಪ್ಟೆಂಬರ್ 2008

ಮಿಹಾಯೋ,

ಆರು ತಿಂಗಳು ನಿನ್ನ ಉತ್ತರಕ್ಕೆ ಕಾದೆ. ಮಳೆ ಬಂದು ಹೋಯಿತು, ಹಳ್ಳ ಮತ್ತೆ ಒಣಗಿತು.

ಹೋದ ಸೋಮವಾರ ನಾವು ಹೆಂಗಸರು ತಂತಿ ಕತ್ತರಿಸಿದೆವು. ಹಗಲು ಹೊತ್ತಿನಲ್ಲೇ, ಕಾವಲುಗಾರನ ಎದುರಿಗೇ. ಕತ್ತರಿ ನನ್ನ ಕೈಯಲ್ಲಿತ್ತು. ಅವನು ಪಾಪ, "ಟೀಚರಮ್ಮಾ, ನೀವೇ ಹಿಂಗ್ ಮಾಡಿದ್ರೆ ನಾನ್ ಯಾರಿಗೆ ಹೇಳ್ಲಿ?" ಅಂದ. "ಹೇಳೋರಿಗೆಲ್ಲ ಹೇಳು, ಮೊದ್ಲು ಪಕ್ಕಕ್ ಸರಿ" ಅಂದೆ. ಗಡಿಗೆ ತುಂಬಿಕೊಂಡು ಬಂದೆವು. ಸಂಜೆ ಪೊಲೀಸರು ಬಂದರು. ಠಾಣೆಯ ಬೆಂಚಿನ ಮೇಲೆ ಒದ್ದೆ ಬಟ್ಟೆಗಳಲ್ಲಿ ಕೂತಿದ್ದೆವು. ಶಾಲೆಯಿಂದ ನನ್ನನ್ನು ಅಮಾನತು ಮಾಡಿದ್ದಾರೆ.

ಒಳ್ಳೆಯದೇ ಆಯಿತು. ಈಗ ಇದು ಜಿಲ್ಲಾ ಭೂ ನ್ಯಾಯಮಂಡಳಿಗೆ ಬಂದಿದೆ. ನೆಲ ಕಂಪನಿಯದಾದರೆ ನಾವು ಕಳ್ಳಿಯರು. ನೆಲ ಊರಿನದಾದರೆ ಅವರು. ಅದನ್ನು ತೀರ್ಮಾನಿಸಲು ಅಂದಿನ ಸಭೆಯಲ್ಲಿ ಏನಾಯಿತೆಂದು ಕೇಳುತ್ತಾರೆ. ಚಿಕ್ಕಪ್ಪ ಹೇಳುತ್ತಾನೆ. ಅವನ ಮಾತನ್ನು ಕಂಪನಿಯ ವಕೀಲ ಈಗಲೇ ಗೇಲಿ ಮಾಡುತ್ತಿದ್ದಾನೆ, ಕೊಟ್ಟಮೇಲೆ ತಮಾಷೆ ಅನ್ನುವವರು ಬಹಳ ಮಂದಿ ಎಂದು. ಆದ್ದರಿಂದ ನಿನ್ನನ್ನು ಸಾಕ್ಷಿಗೆ ಕರೆಸಲು ಬರೆದುಕೊಟ್ಟಿದ್ದೇನೆ. ಸಮನ್ಸು ಬರುತ್ತದೆ.

ನಿನ್ನ ಹಳೆಯ ಪತ್ರ ನನ್ನ ಬಳಿ ಇದೆ, ಹುಂಜದ ತಮಾಷೆಯದು. ಅದನ್ನೇ ಹಾಜರುಪಡಿಸು ಎಂದು ನಮ್ಮ ವಕೀಲ ಹೇಳಿದ. ಆಗುವುದಿಲ್ಲ ಅಂದೆ. ನೆಂಟ ನಗುತ್ತ ಆಡಿದ್ದನ್ನು ಕಾಗದದ ಸಾಕ್ಷಿ ಮಾಡಿದ್ದರಿಂದಲೇ ಇಷ್ಟೆಲ್ಲ ಆಗಿರುವುದು. ಅದನ್ನೇ ನಾನೂ ಮಾಡಲಾರೆ. ನೀನೇ ಬಂದು ಬಾಯಿಂದ ಹೇಳು.

ಕಿದಾವಾ

*

ದಾರ್ ಎಸ್ ಸಲಾಮ್
12 ಅಕ್ಟೋಬರ್ 2008

ಬೇಲಿ ಕತ್ತರಿಸುವ ಗೆದ್ದಲೇ, ಒದ್ದೆ ಬಟ್ಟೆಯ ಕಳ್ಳಿಯೇ,

ಸಮನ್ಸು ಬಂತು. ಬರುತ್ತೇನೆ. ಜೀಪಿನಲ್ಲಲ್ಲ, ಬಸ್ಸಿನಲ್ಲಿ. ನಿನ್ನ ಚಿಕ್ಕಪ್ಪನಿಗೆ ಹಲ್ಲು ಉಜ್ಜಿಕೊಂಡು ಬರಲು ಹೇಳು, ನ್ಯಾಯಮಂಡಳಿಯ ಮುಂದೆ ಬಾಯಿ ತೆರೆಯಬೇಕಾಗುತ್ತದೆ.

ಅಮಾನತಿನ ಸುದ್ದಿ ಓದಿ ನಿನ್ನ ಪತ್ರವನ್ನು ಮಡಚಿ ಜೇಬಿನಲ್ಲಿಟ್ಟುಕೊಂಡೆ. ಇನ್ನೂ ಅಲ್ಲೇ ಇದೆ.

ಮಿಹಾಯೋ

*

ಮಟುಂದಾ
16 ನವೆಂಬರ್ 2008

ಮಿಹಾಯೋ,

ನೀನು ಅಲ್ಲೇ ಇದ್ದೆ, ಆದರೂ ಬರೆಯುತ್ತೇನೆ. ನೀನು ಇಡೀ ಹೊತ್ತು ಕೈಯಲ್ಲಿದ್ದ ಕಾಗದ ನೋಡುತ್ತಿದ್ದೆ. ಹಾಗಾಗಿ ಏನಾಯಿತೆಂದು ನೀನು ನೋಡಿಲ್ಲ.

ಬೆಳಿಗ್ಗೆಯಿಂದ ಊರಿನ ಅರ್ಧ ಜನ ನ್ಯಾಯಮಂಡಳಿಯ ವರಾಂಡದಲ್ಲಿದ್ದರು. ನೀನು ಬಸ್ಸಿನಲ್ಲಿ ಬರುತ್ತೀ ಎಂದು ಹೆಂಗಸರು ಬಸ್ ನಿಲ್ದಾಣದಲ್ಲಿ ಕಾದರು, ಬೈಗುಳ ಸಿದ್ಧ ಮಾಡಿಕೊಂಡು. ನೀನು ಜೀಪಿನಲ್ಲಿ ಬಂದೆ. ಮುಂದಿನ ಸೀಟಿನಲ್ಲಿ ಕಂಪನಿಯ ವಕೀಲ ಇದ್ದ.

ಮಂಡಳಿಯ ಅಧ್ಯಕ್ಷರು ಕೇಳಿದರು, "ನಿಮ್ಮ ನ್ಯಾಮ್ವೇಜಿ ಜನಕ್ಕೂ ಇವರಿಗೂ ಉತಾನಿ ಇದೆ ಅಂತಾರಲ್ಲ, ಹೌದಾ?" ನೀನು, "ಅಂಥ ಒಂದು ಸಂಪ್ರದಾಯ ಇರುವುದು ನಿಜ" ಅಂದೆ. "ಅಂದು ಆಡಿದ ಮಾತು ಆ ಥರದ್ದಾ?" ನೀನು ಕಾಗದ ನೋಡಿದೆ. "ನಾನು ಅಂದು ಅಧಿಕಾರಿಯಾಗಿ ಬಂದಿದ್ದೆ. ನಡಾವಳಿಯಲ್ಲಿ ಇರುವುದು ಆಡಿದ ಮಾತೇ. ಆಡಿದವರ ಮನಸ್ಸು ನನಗೆ ತಿಳಿಯದು."

ಅಷ್ಟು ಹೊತ್ತಿಗೆ ಚಿಕ್ಕಪ್ಪ ಎದ್ದ. ಒಂದು ವರ್ಷ ಅವನ ಬಾಯಿಂದ ಒಂದು ಬೈಗುಳ ಹೊರಟಿರಲಿಲ್ಲ. ಅವತ್ತು ಹೊರಟಿತು. "ಏನಂದೆ ಹೊರೆಯಾಳೇ? ನನ್ ಮನಸ್ಸು ತಿಳೀದಾ? ನಮ್ಮನೆ ಮರಗೆಣಸು ತಿಂದು ತಿಂದು ನಿನ್ ಮಿದುಳೂ ಗೆಣಸಾಯ್ತಾ? ನಿನ್ನ ತಾತ ಆನೆದಂತ ಹೊತ್ತ, ನೀನು ಆನೆ ಲದ್ದಿ ಹೊತ್ಕೊಂಡು ತಿರುಗ್ತಿದ್ದೀಯ. ಥೂ, ಮೀಸೆ ನೋಡು, ಇಲಿ ಕಚ್ಚಿ ಬಿಟ್ಟ ಹಾಗಿದೆ." ವರಾಂಡದಲ್ಲಿ ಜನ ನಕ್ಕರು. ಅಧ್ಯಕ್ಷರೂ ತುಟಿ ಕಚ್ಚಿಕೊಂಡರು. ಬೆಂಚಿನ ಮೇಲಿದ್ದ ನಮ್ಮ ಮುದುಕಿಯರು ನನ್ನ ಕೈ ಹಿಡಿದುಕೊಂಡರು.

ಅವನು ಏನು ಮಾಡಿದನೆಂದು ನಿನಗೆ ತಿಳಿದಿತ್ತು. ಅವನು ಸಾಕ್ಷಿ ಹೇಳಲಿಲ್ಲ, ಸಾಕ್ಷಿಯನ್ನು ಅಲ್ಲೇ ನಡೆಸಿ ತೋರಿಸಿದ. ಇನ್ನು ನೀನು ಒಂದು ಬೈಗುಳ ತಿರುಗಿಸಿದರೆ ಸಾಕಿತ್ತು. ಆ ವಾಕ್ಯ ಬೇಡ, ಸಹಿ ಬೇಡ. 'ಮುಚ್ಚೋ ಮುದುಕಾ' ಅಂದಿದ್ದರೂ ಸಾಕು, ಇವರಿಬ್ಬರು ಯಾರು, ಇವರ ನಡುವೆ 'ತಗೋ' ಅಂದರೆ ಏನು ಎಂದು ಅಧ್ಯಕ್ಷರು ಕಣ್ಣಾರೆ ಕಾಣುತ್ತಿದ್ದರು. ಎಲ್ಲರೂ ನಿನ್ನ ಬಾಯಿ ನೋಡುತ್ತಿದ್ದರು. ಚಿಕ್ಕಪ್ಪ ನಗು ತಡೆದುಕೊಂಡು ನಿಂತಿದ್ದ, ಹೊಡೆತ ಬರಲಿ ಎಂದು ಬೆನ್ನು ಒಡ್ಡಿದವನ ಹಾಗೆ.

ನೀನು ಅಧ್ಯಕ್ಷರ ಕಡೆ ತಿರುಗಿ, "ದಯವಿಟ್ಟು ಹಿರಿಯರನ್ನು ಕೂರಿಸಿ, ಅವರಿಗೆ ಆಯಾಸವಾಗಿದೆ" ಅಂದೆ.

ನಗು ನಿಂತಿತು. ಪೇದೆ ಬಂದು ಅವನ ತೋಳು ಹಿಡಿದು ಕೂರಿಸಿದ. ಅವನು ಕೂತ. ಅವನು ಯಾರೋ ಕೂರಿಸಿದಲ್ಲಿ ಕೂತದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಒಪ್ಪಿಗೆ ಸರಿಯಾಗಿದೆ, ಗುತ್ತಿಗೆ ಊರ್ಜಿತ, ಹೆಂಗಸರಿಗೆ ಎಚ್ಚರಿಕೆ ಕೊಟ್ಟು ಬಿಡಲಾಗಿದೆ ಎಂದು ಓದಿದರು. ನೀನು ಆಗಲೇ ಜೀಪಿನಲ್ಲಿದ್ದೆ.

ನಿನ್ನ ಮೇಲೆ ನನಗಿರುವ ಸಿಟ್ಟಿಗೆ ಬೈಗುಳ ಸಾಲದು. ಬೈಗುಳವನ್ನು ನಿನ್ನ ಮೇಲೆ ಖರ್ಚು ಮಾಡುವುದೂ ಇಲ್ಲ.

ಕಿದಾವಾ

*

ದಾರ್ ಎಸ್ ಸಲಾಮ್
5 ಫೆಬ್ರವರಿ 2011

ಕಿದಾವಾ,

ಎರಡು ವರ್ಷದ ಮೇಲಾಯಿತು. ಕೆಲವು ಪತ್ರ ಬರೆದು ಹಾಕಲಿಲ್ಲ.

ಕಂಪನಿ ದಿವಾಳಿಯಾದದ್ದು ನಿನಗೆ ನನಗಿಂತ ಮೊದಲು ತಿಳಿದಿರುತ್ತದೆ. ಬೀಜದಲ್ಲಿ ಅವರು ಎಣಿಸಿದಷ್ಟು ಎಣ್ಣೆ ಬರಲಿಲ್ಲ, ಪೆಟ್ರೋಲಿನ ಬೆಲೆ ಇಳಿಯಿತು, ಯೂರೋಪಿನಲ್ಲಿ ಯಾರೋ ಕೈಯೆತ್ತಿದರು. ಗಿಡಗಳು ಈಗಲೂ ಅಲ್ಲೇ ನಿಂತಿವೆಯೆಂದು ಕೇಳಿದೆ.

ಮಾರ್ಗಸೂಚಿ ಕೊನೆಗೂ ಹೊರಬಂದಿದೆ. ಒಂದು ಪ್ರತಿ ಇದರೊಂದಿಗೆ ಇದೆ. ಊರಿನ ಒಪ್ಪಿಗೆಯ ಅಧ್ಯಾಯವನ್ನು ನೋಡು. ಒಪ್ಪಿಗೆ ಸ್ಪಷ್ಟವಾಗಿರಬೇಕು, ಸಭೆ ಒಂದಕ್ಕಿಂತ ಹೆಚ್ಚು ಸಲ ಸೇರಬೇಕು, ನೀರಿನ ಮೂಲ ಹೊರಗಿರಬೇಕು. ಆ ಅಧ್ಯಾಯ ಬರೆಯುವಾಗ ನಿನ್ನನ್ನು ಎದುರಿಗೆ ಕೂರಿಸಿಕೊಂಡಿದ್ದೆ ಅಂದರೆ ನೀನು ನಂಬುವುದಿಲ್ಲ. ಅಂದು ನಾನು ಬೇರೆ ರೀತಿ ನಡೆದುಕೊಂಡಿದ್ದರೆ ನನ್ನನ್ನು ಕಾರ್ಯಪಡೆಯಿಂದ ತೆಗೆಯುತ್ತಿದ್ದರು, ಈ ಅಧ್ಯಾಯ ಇರುತ್ತಿರಲಿಲ್ಲ. ಇದನ್ನು ನಾನು ಹಲವು ಸಲ ಲೆಕ್ಕ ಹಾಕಿದ್ದೇನೆ. ಪ್ರತಿ ಸಲವೂ ಲೆಕ್ಕ ಸರಿ ಬರುತ್ತದೆ. ಸರಿ ಬಂದ ಮೇಲೂ ಮತ್ತೆ ಹಾಕುತ್ತೇನೆ, ಅದೊಂದು ಅರ್ಥವಾಗುವುದಿಲ್ಲ.

ಇನ್ನೊಂದು ವಿಷಯ. ಅಂದು ಕೊಂಡೊ ಮೀಸೆಯ ಮಾತು ಎತ್ತಿದಾಗ ಉತ್ತರ ನನ್ನ ನಾಲಿಗೆಯ ಮೇಲೇ ಇತ್ತು. 'ಮೀಸೆಯನ್ನಾದರೂ ಇಲಿ ಮುಟ್ಟಿತು ಮುದುಕಾ, ನಿನ್ನನ್ನು ಇಲಿಯೂ ಮೂಸುವುದಿಲ್ಲ.' ಒಳ್ಳೆಯ ಉತ್ತರವೇ. ಅವನಿಗೆ ಓದಿ ಹೇಳು.

ಏಪ್ರಿಲಿನಲ್ಲಿ ನಿವೃತ್ತಿ. ಇಲ್ಲಿ ಎಲ್ಲರೂ ನನ್ನೊಂದಿಗೆ ಬಹಳ ಮರ್ಯಾದೆಯಿಂದ ಇದ್ದಾರೆ. ಒಂದು ಪತ್ರ ಬರಿ. ಎಷ್ಟು ಬೇಕಾದರೂ ಬೈದು ಬರಿ.

ಮಿಹಾಯೋ

*

ಮಟುಂದಾ
27 ಮಾರ್ಚ್ 2011

ಮಾನ್ಯ ಶ್ರೀ ಮಿಹಾಯೋ ಅವರಿಗೆ,

ತಾವು ಕಳಿಸಿದ ಮಾರ್ಗಸೂಚಿ ತಲುಪಿತು. ಒಪ್ಪಿಗೆಯ ಅಧ್ಯಾಯವನ್ನು ಓದಿದೆ. ಭಾಷೆ ಸ್ಪಷ್ಟವಾಗಿದೆ.

ಅದು ಮಟುಂದಾಕ್ಕೆ ಅನ್ವಯಿಸುವುದಿಲ್ಲವೆಂದು ಜಿಲ್ಲಾ ಕಚೇರಿಯವರು ತಿಳಿಸಿದ್ದಾರೆ. ಮಾರ್ಗಸೂಚಿ ಬರುವ ಮೊದಲೇ ಆದ ಗುತ್ತಿಗೆ ಅದು. ಕಂಪನಿ ಹೋದರೂ ನೆಲ ಊರಿಗೆ ಮರಳುವುದಿಲ್ಲ, ಒಮ್ಮೆ ಒಪ್ಪಿಸಿದ ಮೇಲೆ ಅದು ಸರ್ಕಾರದ ಖಾತೆಯಲ್ಲೇ ಉಳಿಯುತ್ತದಂತೆ. ಹೊಸ ಗುತ್ತಿಗೆದಾರರು ಬರುವವರೆಗೆ ಗೇಟು ಮತ್ತು ಕಾವಲು ಮುಂದುವರಿದಿವೆ.

ತಾವು ಕೊಂಡೊ ಅವರಿಗೆ ಓದಿ ಹೇಳಲು ತಿಳಿಸಿದ ಮಾತನ್ನು ಓದಿ ಹೇಳಲಾಗಲಿಲ್ಲ. ಅವರು ತಮ್ಮ ಪತ್ರ ಬರುವ ಹಿಂದಿನ ವಾರ ತೀರಿಕೊಂಡರು.

ನಮ್ಮಲ್ಲಿ ಹಿರಿಯರನ್ನು ಮಣ್ಣು ಮಾಡುವಾಗ ಬೈಗುಳದ ನೆಂಟನೊಬ್ಬ ಇರಬೇಕು. ಸತ್ತವರನ್ನು ಅಣಕಿಸಿ ನಗಿಸಲು ಒಬ್ಬರು ಬೇಕು. ಊರಿಗೆ ಪರಿಚಯವಿದ್ದ ನ್ಯಾಮ್ವೇಜಿಯವರು ತಾವೊಬ್ಬರೇ. ತಮ್ಮ ಹೆಸರನ್ನು ಯಾರೂ ಎತ್ತಲಿಲ್ಲ. ಹೆದ್ದಾರಿಯಲ್ಲಿ ಕೆಟ್ಟು ನಿಂತ ಲಾರಿಯ ಚಾಲಕ ತಬೋರಾ ಕಡೆಯವನೆಂದು ತಿಳಿದು ಕರೆತಂದರು. ಅವನು ಕೊಂಡೊ ಅವರನ್ನು ಜೀವಮಾನದಲ್ಲಿ ಕಂಡವನಲ್ಲ. ಬಂದವನೇ ತೋಡಿದ ಗುಂಡಿಗೆ ಇಳಿದು ಕಾಲು ಚಾಚಿ ಮಲಗಿದ. "ಈ ಜಾಗ ನಂಗೆ ಹಿಡಿಸ್ತು, ಮುದುಕನ್ನ ಬೇರೆ ಕಡೆ ಹೂಳ್ರೋ" ಅಂದ. ಹೆಂಗಸರು ಅಳುತ್ತಲೇ ನಕ್ಕರು. ಎದ್ದು ಬರಬೇಕಾದರೆ ಏನು ಕೊಡಬೇಕು ಎಂದು ವಾಡಿಕೆಯಂತೆ ಕೇಳಿದರು. ಅವನು ದಾರಿಯಲ್ಲಿ ಜನರ ಬಾಯಲ್ಲಿ ಎಲ್ಲ ಕೇಳಿಕೊಂಡು ಬಂದಿದ್ದನೆಂದು ಕಾಣುತ್ತದೆ. "ಗೋರಿ ಮೇಲೆ ಹಾಕೋ ನೀರು ಆ ಮಡುವಿಂದ ಬಂದ್ರೆ ಏಳ್ತೀನಿ. ಇಲ್ದಿದ್ರೆ ಇಲ್ಲೇ ಸಂಸಾರ ಹೂಡ್ತೀನಿ" ಅಂದ.

ಕಾವಲುಗಾರನೂ ಸಾವಿಗೆ ಬಂದಿದ್ದ. ಎಲ್ಲರೂ ಅವನನ್ನು ನೋಡಿದರು. ಅವನು ಹೋಗಿ ಗೇಟು ತೆರೆದ. ಒಂದು ಗಡಿಗೆ ಕೇಳಿದ್ದು, ಊರಿನ ಹೆಂಗಸರೆಲ್ಲ ಹೋದರು. ಮಧ್ಯಾಹ್ನದವರೆಗೂ ನೀರು ತಂದೆವು. ಲಾರಿಯವನು ಎದ್ದು ಬಂದು ಮೈಯ ಮಣ್ಣು ಕೊಡವಿಕೊಂಡು, ನಮ್ಮನ್ನೆಲ್ಲ ಚೆನ್ನಾಗಿ ಬೈದು, ಹೊರಟುಹೋದ.

ಮಾರನೆಯ ದಿನ ಗೇಟಿಗೆ ಮತ್ತೆ ಬೀಗ ಬಿದ್ದಿತು.

ಆದುದರಿಂದ ಈ ಪತ್ರವನ್ನು ಅರ್ಜಿಯೆಂದು ಪರಿಗಣಿಸಲು ಕೋರುತ್ತೇನೆ. ಕಿಸಿಮಾ ಮಡುವನ್ನೂ ಅದಕ್ಕೆ ಹೋಗುವ ದಾರಿಯನ್ನೂ ಮಟುಂದಾ ಗ್ರಾಮಕ್ಕೆ ಮರಳಿಸಬೇಕು. ತಾವು ನಿವೃತ್ತರಾಗುವ ಮುನ್ನ ಇದನ್ನು ಸಂಬಂಧಪಟ್ಟವರಿಗೆ ರವಾನಿಸಿದರೆ ಉಪಕಾರವಾಗುತ್ತದೆ. ಅರ್ಜಿ ತಲುಪಿದ ಬಗ್ಗೆ ಕಚೇರಿಯ ಸ್ವೀಕೃತಿ ಪತ್ರ ಬಂದರೆ ಸಾಕು. ತಾವು ಸ್ವತಃ ಬರೆಯುವ ಅಗತ್ಯವಿಲ್ಲ.

ತಮ್ಮ ವಿಶ್ವಾಸಿ,
ಶ್ರೀಮತಿ ಕಿದಾವಾ ಪಾಜಿ